ಹಳೆಯ ಗ್ಯಾಸ್ ಗ್ರಿಲ್ ಮತ್ತೆ ಉರಿಯಬೇಕಾದರೆ: ಉಳಿಸಿಕೊಳ್ಳುವುದೇನು, ಬದಲಿಸುವುದೇನು?

ಮಸಿಕೈ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಪರಿಚಿತರೊಬ್ಬರು ಗುಜರಿಗೆ ಹಾಕಲೆಂದು ಹೊರಗಿಟ್ಟಿದ್ದ, ಬಯಲಿನಲ್ಲಿ ಆಹಾರ ಸುಡಲು ಬಳಸುವ ಗ್ಯಾಸ್ ಗ್ರಿಲ್ ಒಂದನ್ನು ಕೇಳಿ ಪಡೆದು ತಂದಿದ್ದೇನೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿತ್ತಂತೆ. ಹಳೆಯ ವಸ್ತುಗಳನ್ನು ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸುವುದು ನನಗೆ ಬಹುದಿನಗಳ ಹವ್ಯಾಸ. ಆದರೆ ಗ್ಯಾಸಿಗೆ ಸಂಬಂಧಿಸಿದ ವಸ್ತುವನ್ನು ಕೈಗೆತ್ತಿಕೊಳ್ಳುತ್ತಿರುವುದು ಇದೇ ಮೊದಲು. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲೇ ತಿಳಿದವರನ್ನು ಕೇಳುತ್ತಿದ್ದೇನೆ.

ಪೆಟ್ಟಿಗೆ ಮತ್ತು ಮುಚ್ಚಳ ಎರಡೂ ದಪ್ಪನೆಯ ಎರಕದ ಅಲ್ಯೂಮಿನಿಯಂನವು, ಎಲ್ಲಿಯೂ ಬಿರುಕಿಲ್ಲ. ಎರಡು ಬರ್ನರ್‌ಗಳ ಪೈಕಿ ಎಡಗಡೆಯದು ಚೆನ್ನಾಗಿದೆ. ಬಲಗಡೆಯದು ತುಕ್ಕು ಹಿಡಿದು, ಸಾಲಾಗಿದ್ದ ರಂಧ್ರಗಳು ಒಂದರೊಳಗೊಂದು ಸೇರಿ ಬೆರಳುದ್ದದ ಸೀಳಾಗಿಬಿಟ್ಟಿದೆ. ಬೀಡು ಕಬ್ಬಿಣದ ಜಾಲರಿಗಳ ಮೇಲೆ ಕೈಯಾಡಿಸಿದರೆ ತುಕ್ಕಿನ ಪುಡಿ ಉದುರುತ್ತದೆ. ಬರ್ನರ್‌ನ ಮೇಲೆ ಹರಡಿರುವ ಲಾವಾ ಕಲ್ಲುಗಳು ಜಿಡ್ಡು ಕುಡಿದು ಕರ್ರಗಾಗಿವೆ. ಹೊತ್ತಿಸುವ ಗುಂಡಿಯನ್ನು ಒತ್ತಿದರೆ ‘ಟಕ್’ ಎಂಬ ಸದ್ದು ಬರುತ್ತದೆ, ಕಿಡಿ ಮಾತ್ರ ಕಾಣುವುದಿಲ್ಲ. ರಬ್ಬರ್ ಕೊಳವೆ ಮತ್ತು ರೆಗ್ಯುಲೇಟರ್ ಮೇಲ್ನೋಟಕ್ಕೆ ಚೆನ್ನಾಗಿಯೇ ಇವೆ. ಎರಡು ವಾಲ್ವ್‌ಗಳೂ ಹಿತ್ತಾಳೆಯವು. ತಿರುಗುತ್ತವೆ, ಆದರೆ ಬಹಳ ಬಿಗಿ.

ಸಾಧ್ಯವಾದಷ್ಟು ಮೂಲ ಭಾಗಗಳನ್ನೇ ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ. ಎಲ್ಲವನ್ನೂ ಹೊಸದಾಗಿ ಹಾಕಿದರೆ ಅದು ಹಳೆಯ ಗ್ರಿಲ್ ಎನಿಸಿಕೊಳ್ಳುವುದಿಲ್ಲವಲ್ಲ. ಈ ಆಸೆಗೆ ಮಿತಿ ಎಲ್ಲಿ ಹಾಕಿಕೊಳ್ಳಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ನೀಲಿಜ್ವಾಲೆ

ನಮಸ್ಕಾರ. ತಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು, ಅದಕ್ಕೇ ಮೊದಲು ಉತ್ತರಿಸುತ್ತೇನೆ. ಗ್ರಿಲ್ಲನ್ನು ಮನಸ್ಸಿನಲ್ಲೇ ಎರಡು ಭಾಗ ಮಾಡಿಕೊಳ್ಳಿ. ಸಿಲಿಂಡರ್‌ನ ಬಾಯಿಯಿಂದ ಹಿಡಿದು ಬರ್ನರ್‌ನ ಕೊನೆಯ ರಂಧ್ರದವರೆಗೆ ಗ್ಯಾಸ್ ಹರಿಯುವ ದಾರಿ ಒಂದು ಭಾಗ, ಉಳಿದ ಒಡಲೆಲ್ಲ ಇನ್ನೊಂದು ಭಾಗ. ಒಡಲಿನ ವಿಷಯದಲ್ಲಿ ನಿಮ್ಮ ಆಸೆ, ತಾಳ್ಮೆ, ಮಮತೆ ಎಲ್ಲಕ್ಕೂ ಜಾಗವಿದೆ. ಗ್ಯಾಸಿನ ದಾರಿಯಲ್ಲಿ ಮಾತ್ರ ಮೂಲ ಭಾಗ ಎಂಬ ಮೋಹವನ್ನು ಇಟ್ಟುಕೊಳ್ಳಬೇಡಿ.

ರಬ್ಬರ್ ಕೊಳವೆಯನ್ನು ಮೇಲ್ನೋಟಕ್ಕೆ ನೋಡಿ ನಂಬಲಾಗದು. ಅದನ್ನು ಬಿಗಿಯಾಗಿ ಬಾಗಿಸಿ, ಬಾಗಿದ ಹೊರಮೈಯನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಬಿರುಕುಗಳು ಬಾಯಿಬಿಡುವುದು ಆಗ ಕಾಣುತ್ತದೆ. ಬಿರುಕು ಕಾಣದಿದ್ದರೂ ಹತ್ತು ವರ್ಷ ಬಿಸಿಲುಂಡ ಕೊಳವೆಯನ್ನು ನಾನು ಉಳಿಸಿಕೊಳ್ಳುವುದಿಲ್ಲ. ಜಿಡ್ಡಿನ ವಾಸನೆಗೆ ಬರುವ ಇಲಿಗಳು ಕೊಳವೆಯನ್ನು ಕಡಿದಿರುವುದೂ ಉಂಟು.

ರೆಗ್ಯುಲೇಟರ್ ಇನ್ನೂ ಸೂಕ್ಷ್ಮ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರೋಪೇನ್ ತುಂಬಿದ ಸಿಲಿಂಡರ್‌ನೊಳಗಿನ ಒತ್ತಡ ಸುಮಾರು 7ರಿಂದ 8 ಬಾರ್ ಇರುತ್ತದೆ. ಬರ್ನರ್‌ಗೆ ಬೇಕಾದದ್ದು ಒಂದು ಬಾರ್‌ನ ಸುಮಾರು ನೂರರಲ್ಲಿ ಮೂರು ಪಾಲು ಮಾತ್ರ. ಈ ಇಳಿಕೆಯನ್ನು ಮಾಡುವುದು ಒಳಗಿರುವ ಒಂದು ತೆಳುವಾದ ರಬ್ಬರ್ ಪೊರೆ ಮತ್ತು ಒಂದು ಸ್ಪ್ರಿಂಗ್. ಆ ಪೊರೆ ಒಣಗಿ ಗಡುಸಾಗಿದೆಯೇ ಎಂದು ಬಿಚ್ಚಿ ನೋಡುವ ಹಾಗಿಲ್ಲ, ಬಿಚ್ಚಲೂಬಾರದು. ಹಾಗಾಗಿ ಕೊಳವೆ, ರೆಗ್ಯುಲೇಟರ್ ಎರಡನ್ನೂ ಜೊತೆಯಾಗಿಯೇ ಹೊಸದಾಗಿ ತನ್ನಿ. ಸೀಳಿರುವ ಬರ್ನರ್ ಕೂಡ ಹೋಗಲೇಬೇಕು. ಸೀಳಿನಿಂದ ಉರಿ ಒಂದೇ ಕಡೆಗೆ ನುಗ್ಗಿ ಪೆಟ್ಟಿಗೆಯ ಗೋಡೆಯನ್ನೇ ಸುಡುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ ಎಂಬುದು ನೆನಪಿರಲಿ.

ಇನ್ನೊಂದು ವಿಷಯ. ಆ ಗ್ರಿಲ್ ಸಿಲಿಂಡರ್ ಗ್ಯಾಸಿಗಾಗಿ ತಯಾರಾದದ್ದೋ, ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲಕ್ಕಾಗಿ ತಯಾರಾದದ್ದೋ ಎಂಬುದನ್ನು ಅದರ ಮೇಲಿನ ತಗಡಿನ ಪಟ್ಟಿಯಲ್ಲಿ ಓದಿ ಖಚಿತಪಡಿಸಿಕೊಳ್ಳಿ. ಒಂದೇ ಅಳತೆಯ ಪ್ರೋಪೇನ್ ನೈಸರ್ಗಿಕ ಅನಿಲದ ಸುಮಾರು ಎರಡೂವರೆ ಪಟ್ಟು ಶಾಖ ಕೊಡುವುದರಿಂದ ಅದರ ಜೆಟ್‌ನ, ಅಂದರೆ ಬರ್ನರ್‌ಗೆ ಗ್ಯಾಸ್ ಚಿಮ್ಮುವ ಸಣ್ಣ ಮೂತಿಯ, ತೂತು ಚಿಕ್ಕದು. ನೈಸರ್ಗಿಕ ಅನಿಲದ ದೊಡ್ಡ ಜೆಟ್‌ಗೆ ಸಿಲಿಂಡರ್ ಜೋಡಿಸಿದರೆ ಉರಿ ಮಸಿ ಕಾರುತ್ತಾ ಕೈಮೀರಿ ಏಳುತ್ತದೆ. ಜೆಟ್ ಕಟ್ಟಿಕೊಂಡಿದ್ದರೆ ಸೂಜಿಯಿಂದಾಗಲಿ ಡ್ರಿಲ್ ಬಿಟ್‌ನಿಂದಾಗಲಿ ಕೆದಕಬೇಡಿ. ತೂತು ಕೂದಲಷ್ಟು ಅಗಲವಾದರೂ ಅದು ಬೇರೆಯೇ ಜೆಟ್ ಆದಂತೆ. ಸೋಪಿನ ನೀರಿನಲ್ಲಿ ನೆನೆಸಿ, ಗಾಳಿ ಊದಿದರೆ ಸಾಕು.

ಬೀಡುಕಬ್ಬಿಣ

ಗ್ಯಾಸಿನ ದಾರಿಯ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ನಾನು ಪೆಟ್ಟಿಗೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅಲ್ಲಿ ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡಬಾರದು.

ನನ್ನ ಮೊದಲ ಗ್ರಿಲ್ಲಿನ ಪೆಟ್ಟಿಗೆಯಲ್ಲಿ ಬೆರಳು ದಪ್ಪದ ಕಿಟ್ಟ ಕಟ್ಟಿತ್ತು. ಕಬ್ಬಿಣದ ಜಾಲರಿಯ ಜಿಡ್ಡನ್ನು ಕಾಸ್ಟಿಕ್ ಸೋಡಾ ಸೊಗಸಾಗಿ ಬಿಡಿಸಿದ್ದನ್ನು ಕಂಡಿದ್ದ ನಾನು, ಅದೇ ದ್ರಾವಣವನ್ನು ಅಲ್ಯೂಮಿನಿಯಂ ಪೆಟ್ಟಿಗೆಗೂ ಸುರಿದೆ. ಕ್ಷಣಮಾತ್ರದಲ್ಲಿ ನೊರೆ ಉಕ್ಕಿ, ಕೈಗೆ ತಾಗುವಷ್ಟು ಬಿಸಿ ಹಬೆ ಏಳತೊಡಗಿತು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ, ತಿನ್ನುವಾಗ ಹೊರಬರುವುದು ಹೊತ್ತಿಕೊಳ್ಳುವ ಜಲಜನಕ ಎಂಬುದು ನನಗೆ ತಿಳಿದದ್ದು ಆಮೇಲೆ. ನೀರು ಸುರಿದು ನಿಲ್ಲಿಸುವಷ್ಟರಲ್ಲಿ ಪೆಟ್ಟಿಗೆಯ ಒಳಮೈ ಕಪ್ಪಾಗಿ, ಸಿಡುಬು ಎದ್ದಂತೆ ಕುಳಿ ಕುಳಿಯಾಗಿತ್ತು. ಬೋಲ್ಟ್ ಕೂರುವ ಕಿವಿಗಳು ತೆಳುವಾಗಿ, ಒಂದು ಮುರಿದೇ ಹೋಯಿತು. ಮಾರುಕಟ್ಟೆಯಲ್ಲಿ ಸಿಗುವ ಹಲವು ಓವನ್ ಕ್ಲೀನರ್‌ಗಳಲ್ಲೂ ಇರುವುದು ಇದೇ ಕಾಸ್ಟಿಕ್ ಸೋಡಾ. ಡಬ್ಬಿಯ ಮೇಲಿನ ಬರಹವನ್ನು ಓದದೆ ಎರಕದ ಅಲ್ಯೂಮಿನಿಯಂಗೆ ಏನನ್ನೂ ಬಳಿಯಬೇಡಿ.

ಸರಿಯಾದ ದಾರಿ ನಿಧಾನದ್ದು. ಮೊದಲು ಪ್ಲಾಸ್ಟಿಕ್ ಅಥವಾ ಮರದ ಉಜ್ಜುಪಟ್ಟಿಯಿಂದ ದಪ್ಪನೆಯ ಕಿಟ್ಟವನ್ನು ಹೆರೆದು ತೆಗೆಯಿರಿ. ಆಮೇಲೆ ಪಾತ್ರೆ ತೊಳೆಯುವ ಸೋಪನ್ನು ಬಿಸಿನೀರಿಗೆ ಹಾಕಿ ಒಂದು ರಾತ್ರಿ ನೆನೆಯಲು ಬಿಡಿ. ಮರುದಿನ ನೈಲಾನ್ ಬ್ರಷ್‌ನಿಂದ ಉಜ್ಜಿದರೆ ಮುಕ್ಕಾಲು ಪಾಲು ಬರುತ್ತದೆ. ಉಳಿದದ್ದಕ್ಕೆ ಅದೇ ಕೆಲಸವನ್ನು ಮತ್ತೊಮ್ಮೆ ಮಾಡಬೇಕು, ಅಷ್ಟೇ. ಮುಚ್ಚಳದ ಒಳಗಡೆ ಪೊರೆ ಪೊರೆಯಾಗಿ ಏಳುವುದನ್ನು ನೋಡಿ ಬಣ್ಣ ಕಿತ್ತುಬರುತ್ತಿದೆ ಎಂದು ಹಲವರು ಗಾಬರಿಯಾಗುತ್ತಾರೆ. ಅದು ಬಣ್ಣವಲ್ಲ, ಹೊಗೆ ಮತ್ತು ಜಿಡ್ಡು ಸುಟ್ಟು ಕಟ್ಟಿದ ಇಂಗಾಲ. ಕೆರೆದು ತೆಗೆದರಾಯಿತು. ಒಳಗಡೆಗೆ ಬಣ್ಣ ಬಳಿಯುವ ಆಲೋಚನೆಯನ್ನೇ ಮಾಡಬೇಡಿ.

ಲಾವಾ ಕಲ್ಲುಗಳನ್ನು ಉಳಿಸಿಕೊಳ್ಳಬೇಡಿ ಎಂಬುದು ನನ್ನ ಸಲಹೆ. ಅವು ಜಿಡ್ಡನ್ನು ಹೀರಿಕೊಂಡು, ಕಾದಾಗ ಒಮ್ಮೆಲೇ ಹೊತ್ತಿಕೊಳ್ಳುತ್ತವೆ. 1985ರಲ್ಲಿ ವೆಬರ್ ಕಂಪನಿಯ ಜೆನೆಸಿಸ್ ಗ್ರಿಲ್ ಬಂದಾಗ ಕಲ್ಲುಗಳ ಜಾಗದಲ್ಲಿ ಮನೆಯ ಮಾಡಿನಂತೆ ಎರಡೂ ಕಡೆ ಇಳಿಜಾರಾದ ಲೋಹದ ಪಟ್ಟಿಗಳಿದ್ದವು. ಜಿಡ್ಡು ಅವುಗಳ ಮೇಲೆ ಬಿದ್ದು ಸ್ವಲ್ಪ ಸುಟ್ಟು, ಉಳಿದದ್ದು ಬರ್ನರ್‌ಗೆ ತಾಗದೆ ಪಕ್ಕಕ್ಕೆ ಜಾರಿಹೋಗುತ್ತದೆ. ನಿಮ್ಮ ಪೆಟ್ಟಿಗೆಯ ಅಳತೆಗೆ ಹೊಂದುವ ಅಂಥ ಸ್ಟೇನ್‌ಲೆಸ್ ಪಟ್ಟಿ ಸಿಕ್ಕರೆ ಹಾಕಿಕೊಳ್ಳಿ. ಸತುವಿನ ಲೇಪವಿರುವ ತಗಡನ್ನು ಮಾತ್ರ ಉರಿಯ ಹತ್ತಿರ ತರಬೇಡಿ. ಅತಿಯಾಗಿ ಕಾದರೆ ಅದರ ಹೊಗೆ ಕೆಟ್ಟದ್ದು.

ಮಸಿಕೈ

ಇಬ್ಬರಿಗೂ ಅನಂತ ಧನ್ಯವಾದಗಳು. ತಗಡಿನ ಪಟ್ಟಿಯನ್ನು ಒರೆಸಿ ಓದಿದೆ, ಸಿಲಿಂಡರ್ ಗ್ಯಾಸಿನದ್ದೇ. ಬಿಚ್ಚುವ ಕೆಲಸ ಶುರುಮಾಡಿ ಮೊದಲ ಸಂಜೆಯೇ ಒಂದು ಬೋಲ್ಟ್ ಮುರಿದುಕೊಂಡೆ. ಅಲ್ಯೂಮಿನಿಯಂನ ಕಿವಿಯೊಳಗೆ ಕೂತಿರುವ ಉಕ್ಕಿನ ಬೋಲ್ಟ್‌ಗಳು ಹಂದುವುದೇ ಇಲ್ಲ. ಸುತ್ತಲೂ ಸುಣ್ಣದಂಥ ಬಿಳಿ ಪುಡಿ ಕಟ್ಟಿದೆ. ಇನ್ನೂ ಐದು ಬೋಲ್ಟ್‌ಗಳಿವೆ. ಅವನ್ನೂ ಮುರಿಯುವ ಮೊದಲು ಕೇಳುತ್ತಿದ್ದೇನೆ.

ಬೀಡುಕಬ್ಬಿಣ

ಆ ಬಿಳಿ ಪುಡಿ ಅಲ್ಯೂಮಿನಿಯಂನ ತುಕ್ಕು. ಉಕ್ಕು ಮತ್ತು ಅಲ್ಯೂಮಿನಿಯಂ ತಾಗಿಕೊಂಡಿರುವ ಕಡೆ ನೀರು ಸೇರಿದರೆ ಸಣ್ಣದೊಂದು ಬ್ಯಾಟರಿಯೇ ಆಗಿ, ಅಲ್ಯೂಮಿನಿಯಂ ಸವೆಯುತ್ತದೆ. ಸವೆದ ಪುಡಿ ಉಬ್ಬಿ ಬೋಲ್ಟನ್ನು ಹಿಡಿದುಕೊಳ್ಳುತ್ತದೆ. ಬಲ ಹಾಕಿದಷ್ಟೂ ಬೋಲ್ಟ್ ತಲೆ ಮುರಿಯುತ್ತದೆಯೇ ಹೊರತು ಪುಡಿ ಬಿಡುವುದಿಲ್ಲ.

ತುಕ್ಕು ಬಿಡಿಸುವ ಎಣ್ಣೆಯನ್ನು ಎರಡು ದಿನ, ಬೆಳಿಗ್ಗೆ ಸಂಜೆ, ಹನಿಹನಿಯಾಗಿ ಹಾಕುತ್ತಾ ಬನ್ನಿ. ಆಮೇಲೆ ಎಣ್ಣೆಯನ್ನು ಪೂರ್ತಿ ಒರೆಸಿ, ಗ್ಯಾಸಿನ ಕೊಳವೆ, ವಾಲ್ವ್ ಎಲ್ಲವನ್ನೂ ದೂರವಿಟ್ಟು, ಹೀಟ್ ಗನ್‌ನಿಂದ ಬೋಲ್ಟ್ ಅನ್ನಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ ಅನ್ನು ಕಾಯಿಸಿ. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವುದರಿಂದ ತೂತು ಬೋಲ್ಟಿಗಿಂತ ಬೇಗ ಅಗಲವಾಗುತ್ತದೆ. ಆಗ ಬಿಚ್ಚುವ ದಿಕ್ಕಿಗೆ ಕೂದಲಷ್ಟು, ಮತ್ತೆ ಬಿಗಿಸುವ ದಿಕ್ಕಿಗೆ ಕೂದಲಷ್ಟು, ಹೀಗೆ ಆಡಿಸುತ್ತಾ ಹೋಗಿ. ಬೋಲ್ಟ್ ಬಿಡುವ ಕ್ಷಣದಲ್ಲಿ ‘ಕಿರ್’ ಎಂಬ ಸಣ್ಣ ಸದ್ದು ಸ್ಪ್ಯಾನರ್ ಮೂಲಕ ಕೈಗೇ ತಿಳಿಯುತ್ತದೆ. ಅಲ್ಲಿಂದ ಮುಂದೆ ಅವಸರ ಮಾಡದಿದ್ದರೆ ಅದು ನಿಮ್ಮದೇ.

ಮುರಿದ ಬೋಲ್ಟ್‌ನ ನಡುವೆ ಸರಿಯಾಗಿ ಸೆಂಟರ್ ಪಂಚ್ ಹೊಡೆದು, ಚಿಕ್ಕ ಡ್ರಿಲ್ ಬಿಟ್‌ನಿಂದ ಆರಂಭಿಸಿ ಕೊರೆದು ತೆಗೆಯಬೇಕು. ಬಿಟ್ ಮೆತ್ತನೆಯ ಅಲ್ಯೂಮಿನಿಯಂ ಕಡೆಗೆ ಜಾರಲು ನೋಡುತ್ತದೆ, ಎಚ್ಚರವಿರಲಿ. ಮತ್ತೆ ಜೋಡಿಸುವಾಗ ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ಅದರ ತಿರುಪಿನ ಮರೆಗಳಿಗೆ ನಿಕಲ್ ಇರುವ ಆಂಟಿಸೀಜ್ ಲೇಪವನ್ನು (ಬೋಲ್ಟ್ ಹಿಡಿದುಕೊಳ್ಳದಂತೆ ತಡೆಯುವ ಲೇಪ) ಸವರಿ. ಮುಂದೊಂದು ದಿನ ಬಿಚ್ಚುವವರು ನಿಮ್ಮನ್ನು ನೆನೆಯುತ್ತಾರೆ.

ಉಪ್ಪುಕಾಗದ

ಜಾಲರಿ, ಬಣ್ಣ ಮತ್ತು ಮರದ ಬಗ್ಗೆ ನನಗೆ ತಿಳಿದಷ್ಟನ್ನು ಸೇರಿಸುತ್ತೇನೆ.

ಬೀಡು ಕಬ್ಬಿಣ ಬಹಳ ಸಹನೆಯ ಲೋಹ. ಬಿರುಕು ಬಿಟ್ಟಿರದಿದ್ದರೆ ಅದನ್ನು ಖಂಡಿತ ಉಳಿಸಬಹುದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ ಕರಗಿಸಿ, ಜಾಲರಿಯನ್ನು 12 ವೋಲ್ಟ್ ಬ್ಯಾಟರಿ ಚಾರ್ಜರ್‌ನ ಋಣ ತುದಿಗೂ, ಕೆಲಸಕ್ಕೆ ಬಾರದ ಸಾದಾ ಉಕ್ಕಿನ ತುಂಡನ್ನು ಧನ ತುದಿಗೂ ಜೋಡಿಸಿ, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸಿಡಿ. ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಸಡಿಲಗೊಂಡು ಕಪ್ಪು ರಾಡಿಯಾಗಿ ಕಳಚಿಕೊಳ್ಳುತ್ತದೆ. ಈ ಕೆಲಸವನ್ನು ಗಾಳಿಯಾಡುವ ಜಾಗದಲ್ಲೇ ಮಾಡಬೇಕು, ಇಲ್ಲಿಯೂ ಜಲಜನಕ ಹೊರಡುತ್ತದೆ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಅನ್ನು ಎಂದಿಗೂ ಬಳಸಬೇಡಿ; ಅದರಲ್ಲಿರುವ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗಿಳಿಯುತ್ತದೆ. ನಿಮ್ಮ ಅಲ್ಯೂಮಿನಿಯಂ ಭಾಗಗಳನ್ನು ಈ ತೊಟ್ಟಿಗೆ ಹಾಕಲೇಬಾರದು.

ಹೊರತೆಗೆದ ಜಾಲರಿಯನ್ನು ತೊಳೆದು ತಕ್ಷಣ ಕಾಯಿಸಿ ಒಣಗಿಸಿ. ಅರ್ಧ ಗಂಟೆ ಹಾಗೆಯೇ ಬಿಟ್ಟರೂ ಕಿತ್ತಳೆ ಬಣ್ಣದ ಹೊಸ ತುಕ್ಕು ಮೂಡುತ್ತದೆ. ಆಮೇಲೆ ಅಡುಗೆ ಎಣ್ಣೆಯನ್ನು ಸವರಿ, ಸವರಿದ್ದನ್ನೆಲ್ಲ ಒರೆಸಿಬಿಟ್ಟೆವೇನೋ ಎನ್ನಿಸುವಷ್ಟು ಒಣ ಬಟ್ಟೆಯಿಂದ ಒರೆಸಿ, 200ರಿಂದ 230 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇಡಿ. ಇದನ್ನು ಮೂರು ನಾಲ್ಕು ಬಾರಿ ಮಾಡಿದರೆ ಕಪ್ಪು ಮೆರುಗು ಬರುತ್ತದೆ. ಎಣ್ಣೆ ದಪ್ಪವಾದರೆ ಅಂಟು ಅಂಟಾಗಿ ಉಳಿಯುತ್ತದೆ. ಹೊಸಬರು ಎಡವುವುದು ಇಲ್ಲಿಯೇ.

ಮುಚ್ಚಳದ ಹೊರಮೈಗೆ 650 ಡಿಗ್ರಿವರೆಗೆ ತಾಳುವ ಬಣ್ಣ ಸ್ಪ್ರೇ ಡಬ್ಬಿಗಳಲ್ಲಿ ದೊರೆಯುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಒಣಗಿದ್ದಾಗ ಉಜ್ಜದೆ, ಉಪ್ಪುಕಾಗದವನ್ನು ನೀರಲ್ಲಿ ಅದ್ದಿ ಉಜ್ಜಿ. ಮುಖಕ್ಕೆ ಸರಿಯಾದ ಮಾಸ್ಕ್ ಇರಲಿ. ಜಿಡ್ಡಿನ ಒಂದು ಬೆರಳಚ್ಚು ಉಳಿದಿದ್ದರೂ ಅಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ತೆಳುವಾದ ಮೂರು ಪದರ ಹಾಕಿ, ಒಣಗಿದ ಮೇಲೆ ಮೊದಲ ಬಾರಿಗೆ ಉರಿ ಹೊತ್ತಿಸಿದಾಗ ಸಣ್ಣ ಉರಿಯಿಂದ ದೊಡ್ಡ ಉರಿಗೆ ನಿಧಾನವಾಗಿ ಏರಿಸಿ. ಆ ಬಣ್ಣ ನಿಜವಾಗಿ ಗಟ್ಟಿಯಾಗುವುದು ಶಾಖದಲ್ಲಿಯೇ.

ಗ್ರಿಲ್ಲಿನಲ್ಲಿ ಮರದ ಹಲಗೆಯಿದ್ದರೆ ಅದರ ಬೂದು ಬಣ್ಣ ಬರೀ ಮೇಲ್ಪದರದ್ದು. 80ರ ಉಪ್ಪುಕಾಗದದಿಂದ ಆರಂಭಿಸಿ 180ರವರೆಗೆ ಉಜ್ಜಿದರೆ ಒಳಗಿನ ಜೀವಂತ ಬಣ್ಣ ಎದ್ದುಬರುತ್ತದೆ. ಈ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಅದು.

ಹಿತ್ತಾಳೆಬಿರಡೆ

ವಾಲ್ವ್‌ಗಳ ವಿಷಯದಲ್ಲಿ ನೀಲಿಜ್ವಾಲೆಯವರ ನಿಲುವಿಗೆ ನಾನು ಸ್ವಲ್ಪ ಭಿನ್ನವಾದ ಮಾತು ಹೇಳಬೇಕಾಗಿದೆ. ರಬ್ಬರಿಗೆ ಆಯುಷ್ಯವಿದೆ, ನಿಜ. ಆದರೆ ಹಿತ್ತಾಳೆಯ ವಾಲ್ವ್‌ನೊಳಗೆ ಇರುವುದು ಶಂಕುವಿನಾಕಾರದ ಒಂದು ಬಿರಡೆ, ಅದು ಕೂರುವ ಅದೇ ಆಕಾರದ ಗೂಡು, ನಡುವೆ ಗ್ರೀಸಿನ ತೆಳು ಪದರ. ಬಿಗಿಯಾಗಿ ತಿರುಗುತ್ತಿದೆ ಎಂದರೆ ಬಹುತೇಕ ಆ ಗ್ರೀಸ್ ಒಣಗಿ ಅಂಟಾಗಿದೆ ಎಂದೇ ಅರ್ಥ. ಸ್ಕ್ರೂಗಳಿಂದ ಬಿಚ್ಚಬಹುದಾದ ವಾಲ್ವ್ ಆಗಿದ್ದರೆ ಬಿರಡೆಯನ್ನು ಹೊರತೆಗೆದು, ಹಳೆಯ ಗ್ರೀಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಗ್ಯಾಸ್ ವಾಲ್ವ್‌ಗೆಂದೇ ತಯಾರಾದ ಶಾಖ ತಾಳುವ ಗ್ರೀಸನ್ನು ಸವರಿದರೆ ಅದು ಮತ್ತೆ ಬೆಣ್ಣೆಯಂತೆ ತಿರುಗುತ್ತದೆ. ಬಿರಡೆಯನ್ನು ಉಪ್ಪುಕಾಗದದಿಂದ ಉಜ್ಜಬಾರದು, ಒಂದು ವಾಲ್ವ್‌ನ ಬಿರಡೆಯನ್ನು ಇನ್ನೊಂದಕ್ಕೆ ಹಾಕಬಾರದು. ಪ್ರತಿಯೊಂದೂ ತನ್ನ ಗೂಡಿಗೆ ಮಾತ್ರ ಹೊಂದಿಕೊಂಡಿರುತ್ತದೆ. ಹಾಗೆಯೇ ಗ್ರೀಸ್ ಹೆಚ್ಚಾದರೆ ಗ್ಯಾಸಿನ ತೂತೇ ಮುಚ್ಚಿಹೋಗುತ್ತದೆ.

ನೀಲಿಜ್ವಾಲೆ

ಹಿತ್ತಾಳೆಬಿರಡೆಯವರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಷರತ್ತಿನೊಂದಿಗೆ. ಬಿರಡೆಯ ಮೈಮೇಲೆ ಉಗುರಿಗೆ ಸಿಗುವಂಥ ಒಂದು ಗೀರಿದ್ದರೂ ಆ ವಾಲ್ವ್ ಬೇಡ. ಗ್ರೀಸ್ ಹಾಕಿ ಜೋಡಿಸಿದ ಮೇಲೆ ಬರ್ನರ್ ಇಡದೆಯೇ ಪರೀಕ್ಷೆ ಮಾಡಿ. ಬಯಲಿನಲ್ಲಿ, ಹತ್ತಿರದಲ್ಲೆಲ್ಲೂ ಬೆಂಕಿಯಿಲ್ಲದಂತೆ ನೋಡಿಕೊಂಡು, ಎರಡೂ ವಾಲ್ವ್ ಮುಚ್ಚಿ ಸಿಲಿಂಡರ್ ತೆರೆಯಿರಿ. ಪಾತ್ರೆ ತೊಳೆಯುವ ಸೋಪು ಮತ್ತು ನೀರನ್ನು ಸಮಸಮ ಬೆರೆಸಿ, ಪ್ರತಿ ಜೋಡಣೆಗೂ, ವಾಲ್ವ್‌ನ ದಂಡಿನ ಬುಡಕ್ಕೂ, ಕೊನೆಗೆ ಜೆಟ್‌ನ ಬಾಯಿಗೂ ಬ್ರಷ್‌ನಿಂದ ಹಚ್ಚಿ. ಜೆಟ್‌ನ ಬಾಯಲ್ಲಿ ಕೂತ ಸೋಪಿನ ಪೊರೆ ಐದು ನಿಮಿಷವಾದರೂ ಉಬ್ಬದೆ ನಿಂತಿದ್ದರೆ ನಿಮ್ಮ ವಾಲ್ವ್ ನಿಜವಾಗಿ ಮುಚ್ಚುತ್ತಿದೆ. ಸಣ್ಣದೊಂದು ಗುಳ್ಳೆ ಎದ್ದರೂ ಮಾತು ಮುಗಿಯಿತು, ಹೊಸದನ್ನೇ ಹಾಕಬೇಕು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ. ಸೋರಿದ್ದು ಮೇಲಕ್ಕೆ ಹೋಗದೆ ನೆಲ ಹಿಡಿದು ಹರಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಕಡ್ಡಿ ಗೀರಿ ಸೋರಿಕೆ ಹುಡುಕುವ ಅಭ್ಯಾಸ ಯಾರಿಗಾದರೂ ಇದ್ದರೆ ಅದನ್ನು ಇಂದೇ ಬಿಡಬೇಕೆಂದು ಕೈಮುಗಿದು ಕೇಳುತ್ತೇನೆ.

ಮಸಿಕೈ

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಪೆಟ್ಟಿಗೆ ಶುದ್ಧವಾಗಿದೆ, ಉಳಿದ ಐದು ಬೋಲ್ಟ್‌ಗಳೂ ಮುರಿಯದೆ ಬಂದವು, ಜಾಲರಿಗಳಿಗೆ ಕಪ್ಪು ಮೆರುಗು ಬಂದಿದೆ. ಕೊಳವೆ, ರೆಗ್ಯುಲೇಟರ್, ಬಲಗಡೆಯ ಬರ್ನರ್ ಹೊಸವು. ವಾಲ್ವ್‌ಗಳನ್ನು ಬಿಚ್ಚಿ ಗ್ರೀಸ್ ಹಾಕಿದೆ. ಜೆಟ್‌ನ ಬಾಯಿಯ ಸೋಪಿನ ಪೊರೆ ಎರಡರಲ್ಲೂ ಅಲುಗಲಿಲ್ಲ.

ಆದರೆ ಇಂದು ಮೊದಲ ಬಾರಿಗೆ ಹೊತ್ತಿಸಿದಾಗ ಹೊಸ ಬರ್ನರ್ ನೀಲಿಯಾಗಿ ಉರಿಯಿತು. ಚೆನ್ನಾಗಿದೆ ಎಂದುಕೊಂಡಿದ್ದ ಎಡಗಡೆಯ ಹಳೆಯ ಬರ್ನರ್‌ನಲ್ಲಿ ಉರಿ ಹಳದಿಯಾಗಿ, ಸೋಮಾರಿಯಂತೆ ತೂಗಾಡಿತು. ಒಂದು ನಿಮಿಷದೊಳಗೆ ಗುಂಡಿಗಳಿರುವ ಮುಂಭಾಗದ ಹಲಗೆಯ ಹಿಂದೆ ‘ಬುಸ್’ ಎಂಬ ಸದ್ದು ಬಂದು, ಅಲ್ಲೇ ಕೆಳಗೆ ಬೆಂಕಿ ಕಾಣಿಸಿತು. ತಕ್ಷಣ ಸಿಲಿಂಡರ್ ಮುಚ್ಚಿದೆ. ಯಾರಿಗೂ ಏನೂ ಆಗಲಿಲ್ಲ, ಆದರೆ ಕೈ ಇನ್ನೂ ನಡುಗುತ್ತಿದೆ. ಸೋಪಿನ ಪರೀಕ್ಷೆಯಲ್ಲಿ ಎಲ್ಲಿಯೂ ಸೋರಿಕೆ ಇರಲಿಲ್ಲ.

ನೀಲಿಜ್ವಾಲೆ

ಸಿಲಿಂಡರ್ ಮುಚ್ಚಿದ್ದು ಸರಿಯಾದ ಕೆಲಸ. ಇನ್ನೊಮ್ಮೆ ಹೊತ್ತಿಸಬೇಡಿ. ಎಡಗಡೆಯ ಬರ್ನರ್ ಅನ್ನು ಹೊರತೆಗೆದು, ಜೆಟ್ ಕೂರುವ ಕಡೆಯ ಕೊಳವೆಯ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಜೇಡರ ಬಲೆ ಇರಲೇಬೇಕು ಎಂದು ನನಗನ್ನಿಸುತ್ತದೆ.

ಜೆಟ್‌ನಿಂದ ಚಿಮ್ಮುವ ಗ್ಯಾಸ್ ತನ್ನ ವೇಗದಿಂದಲೇ ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಆ ಕೊಳವೆಯೊಳಗೆ ನುಗ್ಗುತ್ತದೆ. ನೀಲಿ ಉರಿಗೆ ಬೇಕಾದ ಗಾಳಿ ಬೆರೆಯುವುದು ಅಲ್ಲಿಯೇ. ಒಳಗೆ ಬಲೆಯಿದ್ದರೆ ಗಾಳಿ ಸಾಲದೆ ಉರಿ ಹಳದಿಯಾಗುತ್ತದೆ. ಮುಂದಕ್ಕೆ ಹೋಗಲಾರದ ಗ್ಯಾಸ್ ಹಿಂದಕ್ಕೆ ತಿರುಗಿ, ಕೊಳವೆಯ ಬಾಯಿಯಿಂದ ಹೊರಚೆಲ್ಲಿ, ಗುಂಡಿಗಳ ಹಿಂದೆ ಹೊತ್ತಿಕೊಳ್ಳುತ್ತದೆ. ಇದು ಸೋರಿಕೆಯಲ್ಲವಾದ್ದರಿಂದ ಸೋಪಿನ ಪರೀಕ್ಷೆಗೆ ಸಿಗುವುದಿಲ್ಲ. ಬರ್ನರ್ ಜೋಡಿಸುವ ಮುನ್ನ ಕೊಳವೆಯೊಳಗೆ ನೋಡಿ ಎಂದು ನಾನು ಮೊದಲ ದಿನವೇ ಬರೆಯಬೇಕಿತ್ತು, ಬರೆಯದೆ ಬಿಟ್ಟದ್ದಕ್ಕೆ ಕ್ಷಮೆ ಕೋರುತ್ತೇನೆ.

ಮಸಿಕೈ

ತಾವು ಹೇಳಿದಂತೆಯೇ ಇತ್ತು. ಟಾರ್ಚ್ ಬೆಳಕಿನಲ್ಲಿ ಮೊದಲು ಏನೂ ಕಾಣಲಿಲ್ಲ. ಕೊಳವೆ ತಿರುಗುವ ಕಡೆ ನಸುಬಿಳಿ ಹತ್ತಿಯಂಥದ್ದೇನೋ ಇದೆ ಎನ್ನಿಸಿತು. ಬಾಟಲಿ ತೊಳೆಯುವ ಉದ್ದನೆಯ ಬ್ರಷ್ ತೂರಿಸಿ ತಿರುಗಿಸಿ ಎಳೆದಾಗ ಹೆಬ್ಬೆರಳಿನಷ್ಟು ದಪ್ಪದ ಬಲೆ, ಅದರೊಳಗೆ ಬಟಾಣಿಯಷ್ಟು ದೊಡ್ಡದಾದ ಒಣಗಿದ ಮೊಟ್ಟೆಚೀಲ ಹೊರಬಂದವು. ಇಷ್ಟು ಹಗುರವಾದ ವಸ್ತು ಅಷ್ಟು ಬೆಂಕಿಯನ್ನು ಹಿಂದಕ್ಕೆ ತಳ್ಳಿತೆಂದರೆ ನಂಬುವುದೇ ಕಷ್ಟ. ಹೊಸ ಬರ್ನರ್‌ನ ಕೊಳವೆಯನ್ನೂ ನೋಡಿದೆ, ಖಾಲಿಯಿತ್ತು. ಕೊಳವೆಯ ಬಾಯಿಗೆ ಹಾಕುವ ಸಣ್ಣ ಜಾಲರಿ ಇದೆಯೆಂದು ಓದಿದೆ, ಹಾಕಬಹುದೇ?

ಹಿತ್ತಾಳೆಬಿರಡೆ

ನಿಮ್ಮ ಬರ್ನರ್‌ಗೆಂದೇ ತಯಾರಕರು ಕೊಟ್ಟದ್ದಾದರೆ ಹಾಕಿ. ಕೈಗೆ ಸಿಕ್ಕ ತಂತಿ ಜಾಲರಿಯನ್ನು ಕತ್ತರಿಸಿ ಸುತ್ತಬೇಡಿ, ಗಾಳಿಯ ಲೆಕ್ಕ ತಪ್ಪುತ್ತದೆ. ಜಾಲರಿ ಹಾಕಿದರೂ ಬಹಳ ದಿನ ಬಳಸದೆ ಇಟ್ಟಾಗಲೆಲ್ಲ ಬ್ರಷ್ ಆಡಿಸುವುದು ತಪ್ಪುವುದಿಲ್ಲ. ಜಾಲರಿಯಲ್ಲೇ ಧೂಳು ಕಟ್ಟುವುದೂ ಇದೆ.

ಇನ್ನು ಕಿಡಿಯ ವಿಷಯ ಬಾಕಿ ಉಳಿಯಿತು. ಗುಂಡಿಯೊಳಗೆ ಸಣ್ಣ ಸುತ್ತಿಗೆಯೊಂದು ಹರಳಿಗೆ ಬಡಿದಾಗ ವಿದ್ಯುತ್ ಹುಟ್ಟುತ್ತದೆ. ಒತ್ತಿದರೆ ಹರಳು ವಿದ್ಯುತ್ ಕೊಡುತ್ತದೆ ಎಂಬುದನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡುಕೊಂಡಿದ್ದರು. ‘ಟಕ್’ ಸದ್ದು ಬರುತ್ತಿದೆಯೆಂದರೆ ಸುತ್ತಿಗೆ ಬಡಿಯುತ್ತಿದೆ, ಕಿಡಿ ದಾರಿಯಲ್ಲೆಲ್ಲೋ ಕಳೆದುಹೋಗುತ್ತಿದೆ. ಗ್ಯಾಸ್ ಮುಚ್ಚಿಟ್ಟು, ಕತ್ತಲಲ್ಲಿ ಗುಂಡಿ ಒತ್ತಿ ನೋಡಿ. ತಂತಿಯ ತುದಿಯ ಬಿಳಿ ಪಿಂಗಾಣಿ ಬಿರುಕು ಬಿಟ್ಟಿದ್ದರೆ ಕಿಡಿ ಅಲ್ಲಿಂದಲೇ ಪೆಟ್ಟಿಗೆಗೆ ಹಾರುವುದು ಕಾಣುತ್ತದೆ. ಬಿರುಕಿಲ್ಲದಿದ್ದರೆ ತುದಿಯ ಮಸಿಯನ್ನು ಒರೆಸಿ, ಬರ್ನರ್‌ಗೂ ಅದಕ್ಕೂ ನಾಲ್ಕೈದು ಮಿಲಿಮೀಟರ್ ಅಂತರವಿರುವಂತೆ ಬಾಗಿಸಿ.

ಮಸಿಕೈ

ಪಿಂಗಾಣಿ ಬಿರುಕು ಬಿಟ್ಟಿತ್ತು. ಕತ್ತಲಲ್ಲಿ ಒತ್ತಿದಾಗ ಕಿಡಿ ಬುಡದಲ್ಲೇ ಹಾರುವುದನ್ನು ಕಣ್ಣಾರೆ ನೋಡಿದೆ. ಆ ತುದಿಯನ್ನು ಬದಲಿಸಿದ್ದೇನೆ, ಗುಂಡಿ ಮಾತ್ರ ಹಳೆಯದೇ.

ನಿನ್ನೆ ಸಂಜೆ ಬಯಲಿನಲ್ಲಿ ಮುಚ್ಚಳ ತೆರೆದಿಟ್ಟು, ಸೋಪಿನ ಪರೀಕ್ಷೆಯನ್ನು ಮೊದಲಿನಿಂದ ಮತ್ತೊಮ್ಮೆ ಮಾಡಿ, ಸಿಲಿಂಡರ್ ಅನ್ನು ನಿಧಾನವಾಗಿ ತೆರೆದು ಗುಂಡಿ ಒತ್ತಿದೆ. ಎರಡನೆಯ ಒತ್ತಿಗೆ ಎಡಗಡೆಯ ಬರ್ನರ್ ಹೊತ್ತಿಕೊಂಡಿತು. ನೀಲಿ ಉರಿ, ತುದಿಯಲ್ಲಿ ಮಾತ್ರ ಅಕ್ಕಿಕಾಳಿನಷ್ಟು ಹಳದಿ. ಬಲಗಡೆಯದು ಅದರಿಂದಲೇ ಹತ್ತಿತು. ಗಾಳಿಯ ಕಿಂಡಿಯನ್ನು ಸ್ವಲ್ಪ ತಿರುಗಿಸಿದಾಗ ಹಳದಿ ಇನ್ನೂ ಕುಗ್ಗಿತು, ಇನ್ನಷ್ಟು ತಿರುಗಿಸಿದಾಗ ಉರಿ ಬರ್ನರ್‌ನಿಂದ ಮೇಲೆದ್ದು ಭೋರ್ಗುಟ್ಟಿದ್ದರಿಂದ ಹಿಂದಕ್ಕೆ ತಂದು ಸ್ಕ್ರೂ ಬಿಗಿದೆ. ಹೊಸ ಬಣ್ಣ ಕಾಯುವ ಹೊಗೆ ಅರ್ಧ ಗಂಟೆಯಲ್ಲಿ ನಿಂತಿತು. ಗುಂಡಿಗಳ ಹಿಂದಿನ ಹಲಗೆಯನ್ನು ಹತ್ತತ್ತು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿದೆ, ಒಂದು ಗಂಟೆಯ ನಂತರವೂ ಅದು ತಣ್ಣಗೇ ಇತ್ತು.